ಎರಡನೇ ವಾಕ್ಯ

ಬನ್ನಂಜೆಯ ನಮ್ಮ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಇಂಗ್ಲಿಷ್ ಕಲಿಸುತ್ತೇನೆ. ಬರುವವರು ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಕೆಲಸ ಮಾಡುವ ಕೊಪ್ಪಳದ ಕಡೆಯ ಹೆಂಗಸರು. ಅಂದು ‘ಗೋ’ ಪಾಠ. ಗೋ ಔಟ್ ಎಂದರೆ ಹೊರಗೆ ಹೋಗು, ಗೋ ಅವೇ ಎಂದರೆ ದೂರ ಹೋಗು, ಗೋ ಆನ್ ಎಂದರೆ ಮುಂದುವರಿ. ಒಂದೊಂದು ವಾಕ್ಯ ಮಾಡಿ ಎಂದೆ.

“ಈಶಪ್ಪ ಗೋಸ್ ಔಟ್. ಈಶಪ್ಪ ಕಮ್ಸ್ ಬ್ಯಾಕ್,” ಎಂದಳು ರೇಣುಕವ್ವ. ಈಶಪ್ಪ ಅವಳ ಗಂಡ.

“ಒಂದೇ ವಾಕ್ಯ ಸಾಕು ಮಾರಾಯ್ತಿ. ಬರುವುದನ್ನು ಯಾರು ಕೇಳಿದರು?”

“ಹೋದ್ರು ಅಂತ ಅಷ್ಟಕ್ಕ ನಿಲ್ಲಿಸಬಾರದ್ರೀ ಮೋಹಿನಿ ಟೀಚರ್. ಮನ್ಯಾಗ ಹೋಗಿ ಬರ್ತೀನಿ ಅಂತೀವಲ್ರೀ?”

ನಾವೂ ಹಾಗೆಯೇ ಹೇಳುತ್ತೇವೆ. ಆದರೆ ಪಾಠದಲ್ಲಿ ಅದೆಲ್ಲ ಎಂತಕ್ಕೆ? ನನಗೆ ಸಿಟ್ಟು ಬಂತು. ಹೀಗೆ ಬರೆಯಬೇಕು ಎನ್ನುತ್ತಾ ಬೋರ್ಡಿನ ಮೇಲೆ ಬಿರುಸಾಗಿ ಬರೆದೆ: ‘ದೇವದಾಸ್ ವೆಂಟ್ ಅವೇ.’

ಎಲ್ಲರೂ ಬರೆದುಕೊಂಡರು. ರೇಣುಕವ್ವ ಮಾತ್ರ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು.

“ದೇವದಾಸ್ ಅಂದ್ರ ಯಾರ್ರೀ?”

“ನನ್ನ ಗಂಡ. ಮಸ್ಕತ್ತಿಗೆ ಹೋದವರು.”

“ಹಂಗಾದ್ರ ಮುಂದಿಂದು ಹೇಳ್ರಿ.”

ಮಗಳು ಆಶ್ರಿತಾ ಹುಟ್ಟಿದ ವರ್ಷ ಹೋದವರು ಅಲ್ಲೇ ಬೇರೆ ಸಂಸಾರ ಕಟ್ಟಿಕೊಂಡರು. ಈಗ ಆಶ್ರಿತಾಳ ಮದುವೆಯೂ ಆಗಿದೆ. ಮುಂದಿನದ್ದನ್ನು ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಮುಖ ನೋಡಿ ಕೇಳಿರಲಿಲ್ಲ.

ಬೋರ್ಡು ಒರೆಸಿದೆ. ‘ಮೋಹಿನಿ ಗೋಸ್ ಆನ್’ ಎಂದು ಬರೆದೆ.

ರೇಣುಕವ್ವ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಬರೆದುಕೊಂಡಳು. ಎರಡನೇ ವಾಕ್ಯ ಕೇಳಲಿಲ್ಲ.