ಬಾಣಂತಿ ಕೋಣೆಯಾದ ಕರಟ

ನಾನು ಒಂದು ತೆಂಗಿನ ಕರಟ. ಧಾರವಾಡದ ಸುವರ್ಣಕ್ಕ ಚಟ್ನಿಗೆಂದು ಕಾಯಿ ಒಡೆದ ದಿನ ನಾನು ಹುಟ್ಟಿದೆ. ಜೊತೆಗೆ ಹುಟ್ಟಿದ ಇನ್ನೊಂದು ಹೋಳು ಅಂದೇ ನೀರೊಲೆಯ ಪಾಲಾಯಿತು. ಮೂರು ಕಣ್ಣಿದ್ದ ಹೋಳು ನಾನು, ಉಳಿದುಕೊಂಡೆ. ಬೇಡವೆಂದರೂ ಎಲ್ಲವನ್ನೂ ನೋಡುವ ಕರ್ಮ ಕಣ್ಣಿದ್ದವರಿಗೇ ತಾನೆ!

ಸುವರ್ಣಕ್ಕನ ಗಂಡ ಮಹಾಂತೇಶ ಗಡಿಯಾರ ರಿಪೇರಿ ಮಾಡುವವನು. ಸಣ್ಣ ಗರಗಸದಿಂದ ನನ್ನ ಅಂಚಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಬಾಗಿಲು ಕೊರೆದ. ಮೂರು ಸಲ ಕುದಿಸಿದ. ಪಡಸಾಲೆಯ ಮೀನಿನ ತೊಟ್ಟಿಯಲ್ಲಿ ಹಸಿರು ಗಿಡಗಳ ನಡುವೆ ನನ್ನನ್ನು ಬೋರಲು ಹಾಕಿದ. ಅಲ್ಲಿ ಸಿಕ್ಲಿಡ್ ಎಂಬ ಜಾತಿಯ ಒಂದು ಜೋಡಿ ಗಿಡ್ಡ ಮೀನುಗಳಿದ್ದವು. ಹೆಣ್ಣು ನನ್ನೊಳಗೆ ಬಂದು, ಸೂರಿಗೆ ಕೆಂಪು ಮೊಟ್ಟೆಗಳನ್ನು ಅಂಟಿಸಿ, ಮೈಗೆಲ್ಲ ಅರಿಸಿನ ಹಚ್ಚಿಕೊಂಡವಳ ಹಾಗೆ ಹಳದಿಯಾದಳು. ಗಂಡು ಹೊರಗೆ ಕಾವಲು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಒಲೆಗೆ ಹೋಗಬೇಕಿದ್ದವನು ಬಾಣಂತಿ ಕೋಣೆಯಾಗಿದ್ದೆ.

ಮಹಾಂತೇಶ ಸಂತೋಷ ತಡೆಯದೆ ಊರಿಗೆಲ್ಲ ಸುದ್ದಿ ಹೇಳಿದ. ಅಲ್ಲಿಂದ ನನ್ನ ತಲೆನೋವು ಶುರು. ಮೊದಲು ಬಂದವರು ಸುವರ್ಣಕ್ಕನ ಸೋದರಮಾವ ಶಿವಲಿಂಗಪ್ಪನವರು. ಕೈಯಲ್ಲೊಂದು ನೀರು ತುಂಬಿದ ಪ್ಲಾಸ್ಟಿಕ್ ಚೀಲ.

"ಬಾಣಂತಿ ನೋಡಾಕ ಬರಿಗೈಲೆ ಹ್ಯಾಂಗ ಬರೂದೋ?" ಎಂದು ಎರಡು ಬಂಗಾರದ ಮೀನನ್ನು ತೊಟ್ಟಿಗೆ ಸುರಿದೇಬಿಟ್ಟರು.

ಮಹಾಂತೇಶನಿಗೆ ಅದು ತಪ್ಪೆಂದು ಗೊತ್ತಿತ್ತು. ಆದರೆ ಹೆಂಡತಿಯ ಸೋದರಮಾವನಿಗೆ 'ಬೇಡ' ಎನ್ನಲು ಅವನ ನಾಲಿಗೆ ಹೊರಳಲಿಲ್ಲ. ಆ ಹೊಟ್ಟೆಬಾಕ ಜೋಡಿ ಗಿಡಗಳನ್ನು ಬುಡಸಮೇತ ಕಿತ್ತಿತು, ನನ್ನನ್ನು ಎರಡು ಸಲ ದೂಡಿತು. ಬಾಣಂತಿ ಎಷ್ಟು ಹೆದರಿದಳೆಂದರೆ ತನ್ನ ಮೊಟ್ಟೆಗಳನ್ನು ತಾನೇ ತಿಂದುಬಿಟ್ಟಳು. ಅದನ್ನೂ ನಾನು ನೋಡಬೇಕಾಯಿತು.

ಬಂಗಾರದ ಮೀನುಗಳು ಪಕ್ಕದ ಮನೆಯ ಹೊಂಡ ಸೇರಿದವು. ನನ್ನ ಬಾಣಂತಿ ಮತ್ತೆ ಮೊಟ್ಟೆ ಇಟ್ಟಳು. ಈ ಬಾರಿ ಮರಿಗಳೂ ಹೊರಬಂದವು, ಸಾಸಿವೆಗಿಂತ ಸಣ್ಣವು, ಒಂದು ನಲವತ್ತು. ಇನ್ನಾದರೂ ಸುಮ್ಮನಿರಬಾರದೇ? ಮಾವನವರು ಮತ್ತೆ ಬಂದರು!

"ಇದು ಏಂಜಲ್ ಮೀನ. ಭಾಳ ಸಾದಾ ಐತಿ, ಯಾರ ತಂಟೇಕೂ ಹೋಗೂದಿಲ್ಲ."

ಸಾದಾ ಅಂತೆ! ಸಂಜೆಯೊಳಗೆ ಅದು ನಲವತ್ತು ಮರಿಗಳಲ್ಲಿ ಒಂದನ್ನೂ ಉಳಿಸದೆ ನುಂಗಿತು. ತಾಯಿ ಎರಡು ದಿನ ನನ್ನ ಒಳಹೊರಗೆ ಹುಡುಕಿದಳು. ನನಗೆ ಕೈಯಿದ್ದಿದ್ದರೆ ಮಹಾಂತೇಶನ ಕಿವಿ ಹಿಂಡುತ್ತಿದ್ದೆ.

ಕಿವಿ ಹಿಂಡುವ ಕೆಲಸ ಸುವರ್ಣಕ್ಕ ಮಾಡಿದಳು. "ನನ್ನ ಬಾಣಂತನದಾಗ ನಮ್ಮವ್ವ ಕ್ವಾಣ್ಯಾಗ ಮಂದೀನ ಬಿಟ್ಟಿದ್ದಳೇನು? ಇಕೀಗೊಂದು ಬ್ಯಾರೆ ಕಾನೂನೇನು?" ಎಂದು ಕೇಳಿದಳು. ಮಹಾಂತೇಶ ತಲೆ ತಗ್ಗಿಸಿ ನಿಂತ. "ಮಾಮಾಗ ಬ್ಯಾಡ ಅನ್ನಾಕ ಆಗವಲ್ತು" ಎಂದ. ಏಂಜಲ್ ಮೀನನ್ನು ಮಾವನ ಮನೆಗೆ ಮುಟ್ಟಿಸಿ ಬಂದವಳೂ ಅವಳೇ.

ಆಮೇಲೆ ಮಹಾಂತೇಶ ಮೇಲ್ನೀರಿನಲ್ಲೇ ತಿರುಗುವ ಆರು ಪುಟ್ಟ ಪೆನ್ಸಿಲ್ ಮೀನುಗಳನ್ನಷ್ಟೇ ತಂದ. ಅವು ಮೇಲೆ, ಇವರು ಕೆಳಗೆ. ಇಷ್ಟು ತಿಳಿಯಲು ಅವನಿಗೆ ಒಂದು ವರ್ಷ ಹಿಡಿಯಿತು.

ಈಗ ನನಗೆ ಮುಪ್ಪು. ಅಂಚು ಮೆತ್ತಗಾಗಿದೆ, ಬೆನ್ನಿಗೆ ಪಾಚಿ ಹತ್ತಿದೆ. ಆದರೆ ನನ್ನೊಳಗೆ ಬೆಳೆದ ಇಪ್ಪತ್ತಾರು ಮರಿಗಳು ಉಗುರಿನಷ್ಟು ದೊಡ್ಡವಾಗಿವೆ. ಮೊನ್ನೆ ಅವನ್ನು ನೋಡಲು ಮಾವನವರು ಬಂದರು. ಈ ಸಲ ತಂದ ಚೀಲ ಖಾಲಿಯಿತ್ತು.

"ನಾಕ ಮರಿ ಹಾಕೋ ಇದರಾಗ. ನಮ್ಮ ಏಂಜಲ್ ಒಂದ ಐತಿ ಪಾಪ, ಅದಕ್ಕ ಜೋಡ ಆಕ್ಕಾವು."

ನನ್ನ ಮೂರೂ ಕಣ್ಣು ಮಹಾಂತೇಶನ ಮೇಲೆ. ಅವನು ಬಲೆ ಕೈಗೆತ್ತಿಕೊಂಡ. ಮುಗಿಯಿತು ಅಂದುಕೊಂಡೆ. ತಾಯಿ ಮರಿಗಳನ್ನೆಲ್ಲ ಒಟ್ಟುಮಾಡಿ ನನ್ನ ಬಾಗಿಲಿಗೆ ತಂದಳು. ಅವನು ಅವಳನ್ನೇ ನೋಡುತ್ತ ನಿಂತ, ಆಮೇಲೆ ಬಲೆಯನ್ನು ಮೊಳೆಗೆ ಸಿಕ್ಕಿಸಿದ.

"ಚಾ ಕುಡೀರಿ ಮಾಮಾ," ಎಂದ. "ಮರಿ ಮಾತ್ರ ಕೊಡೂದಿಲ್ರಿ."

ಮಾವನವರು ಮುಖ ಊದಿಸಿಕೊಂಡೇ ಚಹಾ ಕುಡಿದರು. ಸುವರ್ಣಕ್ಕ ಮಾತ್ರ ಹಿರಿಯರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಳಗಿನಿಂದ ಒಂದು ತೆಂಗಿನಕಾಯಿ ತಂದು ಅವರ ಚೀಲಕ್ಕೆ ಹಾಕಿದಳು. ಅದರೊಳಗೂ ನನ್ನಂಥ ಮೂರು ಕಣ್ಣಿನವನೊಬ್ಬ ಇದ್ದಾನೆ. ಆ ಮನೆಯಲ್ಲಿ ಅವನಿಗೆ ಏನೇನು ನೋಡುವ ಕರ್ಮವಿದೆಯೋ!