ಅಕ್ಕುವಿನ ತಲೆನೋವಿಗೆ ಬರೆ ಬೇಡ

ಹೊಯಿಗೆ ಬಜಾರಿನ ಅಕ್ಕುವಿಗೆ ತಿಂಗಳಿಗೆ ಏಳೆಂಟು ಸಲ ತಲೆನೋವು ಬರುತ್ತಿತ್ತು. ಅದು ಸಾದಾ ತಲೆನೋವಲ್ಲ. ಮೊದಲು ಕಣ್ಣೆದುರು ಮಿಂಚಿನ ಹಾಗೆ ಬೆಳಕಿನ ಗೆರೆ ಓಡುತ್ತದೆ. ಸ್ವಲ್ಪ ಹೊತ್ತಿಗೆ ಎಡಗಡೆಯ ಕಣತಲೆಯಲ್ಲಿ ಯಾರೋ ಒಳಗಿಂದ ಕುಟ್ಟುವ ಹಾಗೆ ನೋವು ಶುರುವಾಗುತ್ತದೆ. ಬೆಳಕು ಕಂಡರೆ ಆಗದು, ಸದ್ದು ಕೇಳಿದರೆ ಆಗದು, ಹೊಟ್ಟೆಯಲ್ಲಿದ್ದದ್ದೆಲ್ಲ ವಾಂತಿ. ಒಂದು ದಿನ ಮಲಗಿದರೆ ಮರುದಿನವೂ ಕಾಲಿನಲ್ಲಿ ತ್ರಾಣವಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರಿನ ಮಾತು ಇದು. ಅಕ್ಕುವಿನ ಗಂಡ ಚೆನ್ನಪ್ಪ ದೋಣಿಯಲ್ಲಿ ಕಡಲಿಗೆ ಹೋಗುವವನು. ಅಕ್ಕು ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಫಳ್ನೀರು, ಬಿಜೈ ಕೇರಿಗಳಲ್ಲಿ ಮನೆಮನೆ ಸುತ್ತಿ ಮಾರುವವಳು. ಮಾತಿಗೆ ನಿಂತರೆ ಎದುರಿನವರಿಗೆ ಬಾಯಿ ತೆರೆಯಲು ಬಿಡದ ಹೆಂಗಸು. ತಲೆನೋವು ಬಂದ ದಿನ ಮಾತ್ರ ಸೆರಗಿನಿಂದ ಹಣೆ ಬಿಗಿದುಕೊಂಡು ಮೂಲೆಯಲ್ಲಿ ಮುದುಡಿ ಬಿಡುತ್ತಿದ್ದಳು.

ಮದ್ದು ಹೇಳದವರಿರಲಿಲ್ಲ. ನೆರೆಯ ಸಾರಮ್ಮ ಶುಂಠಿ ಅರೆದು ಹಚ್ಚಿದಳು. ಹಣೆ ಉರಿಯಿತು, ನೋವು ಅಲ್ಲೇ ಉಳಿಯಿತು. ಯಾರೋ ನೂಲು ಮಂತ್ರಿಸಿ ಕಟ್ಟಿದರು. ಇನ್ಯಾರೋ ಮೆಣಸು ಸುಟ್ಟು ದೃಷ್ಟಿ ತೆಗೆದರು. ಆ ಹೊಗೆಗೆ ಇಡೀ ಮನೆ ಕೆಮ್ಮಿತು. ಕೊನೆಗೆ ಅಂಗಡಿಯಲ್ಲಿ ಸಿಗುವ ತಲೆನೋವಿನ ಪುಡಿ ಅಕ್ಕುವಿನ ಕೈಗೆ ಬಂತು. ಮೊದಲು ನೋವಾದಾಗ ಒಂದು ಪೊಟ್ಟಣ. ಬರಬರುತ್ತಾ ನೋವು ಬಾರದಿರಲಿ ಎಂದು ದಿನಕ್ಕೊಂದು ಪೊಟ್ಟಣ.

ಮನೆಯ ಯಜಮಾನ ಸಂಕಪ್ಪ, ಅಕ್ಕುವಿನ ಸೋದರಮಾವ. ಅರುವತ್ತು ದಾಟಿದ ಮೇಲೆ ಕಡಲಿಗೆ ಹೋಗುವುದು ಬಿಟ್ಟು ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಸೊಸೆಯ ಮೇಲೆ ಅವರಿಗೆ ಬಹಳ ಪ್ರೀತಿ. ಒಂದು ದಿನ ಅವರು ತೀರ್ಮಾನ ಮಾಡಿಯೇಬಿಟ್ಟರು.

"ಪಡೀಲಿನ ಕಿಟ್ಟುವಿಗೆ ಹೇಳಿ ಕಳಿಸಿದ್ದೇನೆ. ಕಣತಲೆಗೆ ಒಂದು ಬರೆ ಹಾಕಿದ್ರೆ ಮತ್ತೆ ಜನ್ಮದಲ್ಲಿ ನೋವು ಬರ್ಲಿಕ್ಕಿಲ್ಲ."

"ಮಾವ, ಕಾದ ಕಬ್ಬಿಣವಾ? ಕಣ್ಣಿನ ಹತ್ತಿರ?"

"ನನ್ನ ಬೆನ್ನಿಗೆ ಹಾಕಿದ್ದಿಲ್ವಾ? ನಾನು ಸತ್ತೇನಾ?"

"ನಿಮ್ಮ ಬೆನ್ನುನೋವು ಹೋಯಿತಾ?"

ಸಂಕಪ್ಪ ಮಾವ ಬೆನ್ನು ನೀವಿಕೊಂಡು ಬಲೆಯ ಕಡೆ ತಿರುಗಿದರು.

ಮರುದಿನ ಅಕ್ಕು ಫಳ್ನೀರಿನ ಹೆಲನ್ ಬಾಯಿಯ ಮನೆಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದವಳು ಹಾಗೇ ಕೂತುಬಿಟ್ಟಳು. ಹೆಲನ್ ಎಂದರೆ ಆಸ್ಪತ್ರೆಯ ನರ್ಸು; ಗೌರವಕ್ಕೆ ಎಲ್ಲರೂ ಅವಳನ್ನು ಬಾಯಿ ಎನ್ನುತ್ತಿದ್ದರು. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ ಹೆಲನ್, ಅಕ್ಕುವಿನ ಮುಖ ನೋಡಿ ಮೀನು ಕೆಳಗಿಟ್ಟಳು.

"ಎಂತ ಅಕ್ಕು, ಇವತ್ತು ಚರ್ಚೆಯೇ ಇಲ್ಲ? ನಾನು ಕೇಳಿದ ಕ್ರಯಕ್ಕೆ ಮೀನು ಕೊಡುವ ಹಾಗೆ ಕಾಣ್ತದೆ!"

ಅಕ್ಕುವಿಗೆ ನಗಲೂ ಆಗಲಿಲ್ಲ. ಬರೆಯ ವಿಷಯ ಹೇಳುತ್ತಾ ಅತ್ತೇಬಿಟ್ಟಳು. ಹೆಲನ್ ಪೂರ್ತಿ ಕೇಳಿದಳು. ಕಣ್ಣೆದುರು ಬೆಳಕು ಓಡುತ್ತದೆಯೇ, ಒಂದೇ ಬದಿ ನೋವೇ, ವಾಂತಿ ಉಂಟೇ ಎಂದು ಒಂದೊಂದಾಗಿ ವಿಚಾರಿಸಿದಳು.

"ಇದು ಅರೆತಲೆನೋವು, ಮಾರಾಯ್ತಿ. ದೃಷ್ಟಿಯೂ ಅಲ್ಲ, ಭೂತದ ಸೋಂಕೂ ಅಲ್ಲ. ನನ್ನ ತಾಯಿಗೂ ಇತ್ತು. ಮೊದಲು ಡಾಕ್ಟರಿಗೆ ತೋರಿಸುವ."

"ಡಾಕ್ಟರು ತಲೆ ಕೊಯ್ದರೆ?"

"ಮೀನು ಕೊಯ್ಯುವ ನೀನು ಅಷ್ಟಕ್ಕೆ ಹೆದರುವುದಾ? ಬಾ, ನಾನು ಉಂಟಲ್ಲ."

ಡಾಕ್ಟರು ಏನನ್ನೂ ಕೊಯ್ಯಲಿಲ್ಲ. ಕಣ್ಣಿಗೆ ದೀಪ ಹಿಡಿದು ನೋಡಿದರು, ಕೈಕಾಲು ಎತ್ತಿಸಿದರು, ಕತ್ತು ಬಗ್ಗಿಸಿದರು. ಹೆಲನ್ ಹೇಳಿದ್ದನ್ನೇ ಅವರೂ ಹೇಳಿದರು. "ಬೇರು ಸಮೇತ ಕೀಳುವ ಮದ್ದು ನಮ್ಮಲ್ಲಿಲ್ಲ. ಆದರೆ ಹತೋಟಿಗೆ ತರಬಹುದು. ನೋವು ಯಾವಾಗ ಬರುತ್ತದೆ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಒಂದು ತಿಂಗಳು ಬರೆದಿಡಿ."

ಹೊರಗೆ ಬಂದ ಅಕ್ಕು ಹೆಲನಳ ಕೈ ಹಿಡಿದಳು. "ನನಗೆ ಬರೆಯಲಿಕ್ಕೆ ಬರುದಿಲ್ಲ, ಬಾಯಿ."

ಹೆಲನ್ ಆ ಕೈಯ ಬೆರಳುಗಳನ್ನೇ ನೋಡಿದಳು. "ಗಂಟು ಹಾಕ್ಲಿಕ್ಕೆ ಬರ್ತದಲ್ಲ?"

ಹಾಗೆ ಅಕ್ಕು ಮಾವನ ಬಲೆಯ ನೂಲಿನಲ್ಲಿ ಒಂದು ಮಾರು ಬೇಡಿ ತೆಗೆದುಕೊಂಡಳು. ಸಂಜೆ ದೀಪ ಹಚ್ಚುವಾಗ ದಿನಕ್ಕೊಂದು ಗಂಟು. ನೋವಿಲ್ಲದ ದಿನ ಸಣ್ಣ ಗಂಟು, ನೋವು ಬಂದ ದಿನ ದೊಡ್ಡ ಗಂಟು. ಬೆಳಗ್ಗೆ ಗಂಜಿ ಕುಡಿಯದೆ ಹೋಗಿದ್ದರೆ ಗಂಟಿನೊಳಗೆ ಒಂದು ಚೂರು ಕೆಂಪು ಬಟ್ಟೆ. ಪುಡಿ ತಿಂದಿದ್ದರೆ ಬಿಳಿ ಬಟ್ಟೆ.

ಸಂಕಪ್ಪ ಮಾವ ಬೆನ್ನು ಹಿಡಿದುಕೊಂಡು ಬಂದು ನೋಡಿ, ಯಾವ ಬಟ್ಟೆ ಯಾವುದಕ್ಕೆಂದು ಕೇಳಿ ನಕ್ಕರು. "ಒಳ್ಳೆ ನೂಲು ಹಾಳು! ಆಗಲಿ, ಒಂದು ತಿಂಗಳು ನಿನ್ನ ಆಟ ಆಡು. ಅಮಾವಾಸ್ಯೆ ಕಳೆದ ಮರುದಿನ ಕಿಟ್ಟು ಬರ್ತಾನೆ."

ತಿಂಗಳು ಕಳೆಯಿತು. ಕಿಟ್ಟು ಹೇಳಿದ ದಿನಕ್ಕೆ ಸರಿಯಾಗಿ ಬಂದ. ಅಂಗಳದಲ್ಲಿ ತೆಂಗಿನ ಗೆರಟೆಗೆ ಬೆಂಕಿ ಹಚ್ಚಿ, ಬಳೆಯಷ್ಟು ತೆಳ್ಳಗಿನ ಕಬ್ಬಿಣದ ಸಲಾಕೆಯನ್ನು ಕೆಂಡದೊಳಗೆ ತೂರಿಸಿದ. ಅಕ್ಕು ಗಂಟಿನ ನೂಲನ್ನು ಕೈಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ಸುದ್ದಿ ತಿಳಿದು ಹೆಲನ್ ಆಸ್ಪತ್ರೆಯಿಂದ ನೇರ ಓಡಿ ಬಂದಿದ್ದಳು. ಅವಳಿಗಿನ್ನೂ ಏದುಸಿರು.

"ಸಂಕಪ್ಪಣ್ಣ, ನಾನು ಬೇರೆ ಎಂತದೂ ಹೇಳುದಿಲ್ಲ. ಆ ನೂಲನ್ನು ನೀವೇ ಒಮ್ಮೆ ನೋಡಿ."

"ನಾನು ಶಾಲೆಗೆ ಹೋದವನಲ್ಲ, ಬಾಯಿ."

"ನೂಲಿನ ಗಂಟು ನೋಡ್ಲಿಕ್ಕೆ ಈ ಊರಿನಲ್ಲಿ ನಿಮಗಿಂತ ಕಲಿತವರು ಯಾರುಂಟು?"

ಆ ಮಾತಿಗೆ ಮುದುಕ ಕರಗಿದರು. ನೂಲನ್ನು ತೆಗೆದುಕೊಂಡು, ಹರಿದ ಬಲೆಯನ್ನು ಪರೀಕ್ಷಿಸುವ ಹಾಗೆ ಬೆರಳಿನಿಂದ ಸವರುತ್ತಾ ಹೋದರು. ಒಂದು, ಎರಡು, ಮೂರು. ಮತ್ತೆ ಹಿಂದೆ ಬಂದರು. ಹುಬ್ಬು ಗಂಟಿಕ್ಕಿತು.

"ಇದೆಂತ ಅಕ್ಕು? ದೊಡ್ಡ ಗಂಟು ಎಂಟು ಉಂಟು. ಅದರಲ್ಲಿ ಆರರಲ್ಲಿ ಕೆಂಪು ಬಟ್ಟೆ!"

"ದೋಣಿ ಬೇಗ ಬಂದ ದಿನ ಗಂಜಿಗೆ ಪುರುಸೊತ್ತು ಎಲ್ಲಿ, ಮಾವ? ನೀರೂ ಕುಡಿಯುದಿಲ್ಲ. ಬಿಜೈ ಮುಟ್ಟುವಾಗ ನೆತ್ತಿಗೆ ಬಿಸಿಲು."

"ಮತ್ತೆ ಬಿಳಿ ಬಟ್ಟೆ? ಹೆಚ್ಚು ಕಡಿಮೆ ಎಲ್ಲ ಗಂಟಿನಲ್ಲೂ ಉಂಟಲ್ಲ! ದಿನಾ ಪುಡಿ ತಿಂದೂ ಎಂಟು ಸಲ ನೋವಾ? ಹಾಗಾದ್ರೆ ಆ ಪುಡಿ ಮಾಡಿದ್ದೆಂತ?"

"ಅದನ್ನೇ ನಾನು ಹೇಳುವುದು," ಎಂದಳು ಹೆಲನ್. "ದಿನಾ ತಿಂದ್ರೆ ಪುಡಿಯೇ ನೋವು ತರ್ತದೆ. ಬಿಟ್ಟರೆ ಮೊದಲ ಎಂಟು ಹತ್ತು ದಿನ ನೋವು ಜಾಸ್ತಿ ಆಗಬಹುದು. ಆಮೇಲೆ ಇಳಿತದೆ. ಡಾಕ್ಟರು ನನ್ನ ಕೈಯಲ್ಲಿ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಕಣ್ಣಿಗೆ ಬೆಳಕು ಓಡಿ ನೋವು ತಲೆ ಎತ್ತುವಾಗಲೇ ಒಂದು ತಿಂದು, ಕತ್ತಲೆ ಕೋಣೆಯಲ್ಲಿ ಮಲಗಬೇಕು. ಅದನ್ನೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ತಿನ್ನಬಾರದು."

ಸಂಕಪ್ಪ ಮಾವ ನೂಲನ್ನು ಇನ್ನೊಮ್ಮೆ ನೋಡಿದರು, ಕೆಂಡದ ಕಡೆ ನೋಡಿದರು.

"ಕಿಟ್ಟು, ಬೆಂಕಿ ನಂದಿಸು. ಹೊಟ್ಟೆಗೆ ಗಂಜಿ ಬೀಳದ್ದಕ್ಕೆ ಕಣತಲೆಗೆ ಬರೆ ಹಾಕಿ ಎಂತ ಮಾಡುವುದು?"

ಕಿಟ್ಟುವಿಗೆ ಸಿಟ್ಟು ಬಂದೀತು ಎಂದುಕೊಂಡರೆ, ಅವನು ಕೆಂಡಕ್ಕೆ ಚೊಂಬಿನ ನೀರು ಸುರಿದ. ಹೆಲನಳ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ. "ಬಾಯಿ, ನಮ್ಮ ಮನೆಯವಳಿಗೂ ಇದೇ ನೋವು. ಆ ನೂಲಿನ ಕ್ರಮ ನನಗೂ ಸ್ವಲ್ಪ ಹೇಳ್ತೀರಾ?"

"ಅವಳಿಗೆ ನೀನು ಬರೆ ಹಾಕಲಿಲ್ವಾ?" ಎಂದರು ಸಂಕಪ್ಪ ಮಾವ.

"ಹತ್ತಿರ ಬರ್ಲಿಕ್ಕೆ ಬಿಡಬೇಕಲ್ಲ, ಮಾರಾಯ್ರೇ! ಒನಕೆ ಹಿಡಿದುಕೊಂಡು ನಿಲ್ತಾಳೆ."

ಅಂಗಳವಿಡೀ ನಗೆ. ಅಕ್ಕುವೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಹೆಲನ್ ಎಚ್ಚರಿಸಿದ ಹಾಗೆ ಪುಡಿ ಬಿಟ್ಟ ಮೊದಲ ವಾರ ಕಷ್ಟವೇ ಆಯಿತು. ಎರಡು ಸಲ ಅಕ್ಕು ಅಂಗಡಿಯ ತನಕ ಹೋದಳು. ಎರಡು ಸಲವೂ ಚೆನ್ನಪ್ಪ ಅವಳನ್ನು ಸಮಾಧಾನ ಮಾಡಿ ಕರೆತಂದು ಹಣೆಗೆ ಒದ್ದೆ ಬಟ್ಟೆ ಹಾಕಿದ. ಮೂರನೆಯ ವಾರ ನೋವು ಬಂದದ್ದು ಒಂದು ಸಲ ಮಾತ್ರ. ಬೆಳಗ್ಗೆ ಗಂಜಿ ಕುಡಿಯದೆ ಬುಟ್ಟಿ ಮುಟ್ಟಲು ಮಾವ ಬಿಡುತ್ತಿರಲಿಲ್ಲ. ಬುಟ್ಟಿಯ ಜೊತೆಗೆ ಒಂದು ಶೀಸೆ ನೀರು ಹೊರಟಿತು. ಬಿಸಿಲೇರುವ ಮುಂಚೆ ಬಿಜೈ ಮುಗಿಸಿ, ಮರದ ನೆರಳಿರುವ ಫಳ್ನೀರಿಗೆ ಕೊನೆಗೆ ಹೋಗುವುದೆಂದು ಅಕ್ಕು ತನ್ನ ದಾರಿಯನ್ನೇ ತಿರುಗಿಸಿಕೊಂಡಳು. ಮೂರು ತಿಂಗಳು ಕಳೆಯುವಷ್ಟರಲ್ಲಿ ತಿಂಗಳಿಗೆ ಎಂಟು ಇದ್ದದ್ದು ಎರಡಕ್ಕೆ ಇಳಿಯಿತು.

ಎರಡು ಉಳಿಯಿತಲ್ಲ? ಹೌದು, ಉಳಿಯಿತು. ಅಂಥ ಒಂದು ಬೆಳಗ್ಗೆ ಅಕ್ಕು ಬೂತಾಯಿ ಮೀನು ತುಂಬಿದ ಬುಟ್ಟಿಗೆ ಕೈ ಹಾಕಿದವಳು ತಟ್ಟನೆ ನಿಂತಳು. "ಮಾವ, ಕಣ್ಣಿಗೆ ಬೆಳಕು ಓಡ್ತಾ ಉಂಟು."

ಹಿಂದಿನ ಅಕ್ಕುವಾದರೆ ಮೀನು ಹಾಳಾದೀತೆಂದು ಹಲ್ಲು ಕಚ್ಚಿ ಹೊರಡುತ್ತಿದ್ದಳು.

"ಮಾತ್ರೆ ತಿಂದು ಒಳಗೆ ಹೋಗಿ ಮಲಗು," ಎಂದರು ಸಂಕಪ್ಪ ಮಾವ.

"ಮೀನು?"

"ಮೀನು ನಾನು ನೋಡಿಕೊಳ್ತೇನೆ."

ಕಡಲಿನಲ್ಲಿ ನಲುವತ್ತು ವರ್ಷ ಮೀನು ಹಿಡಿದವರು, ಒಂದು ದಿನವೂ ಮೀನು ಮಾರಿದವರಲ್ಲ. ನಮ್ಮಲ್ಲಿ ಗಂಡಸರು ಬುಟ್ಟಿ ಹೊರುವ ಕ್ರಮವೇ ಇಲ್ಲ. ಆದರೂ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸಿಂಬಿ ಸುತ್ತಿ ತಲೆಗಿಟ್ಟು, ಬುಟ್ಟಿ ಹೊತ್ತು ಮುದುಕ ಹೊರಟೇಬಿಟ್ಟರು. ದಾರಿಯಲ್ಲಿ ನೋಡಿದವರು ಬಾಯಿ ಬಿಟ್ಟು ನಿಂತರು.

ಫಳ್ನೀರಿನ ಹೆಂಗಸರು ಸುತ್ತ ಸೇರಿದರು. "ಅಯ್ಯೋ ಸಂಕಪ್ಪಣ್ಣ, ನೀವಾ? ಅಕ್ಕು ಎಲ್ಲಿ?"

ಬೇರೆ ದಿನವಾಗಿದ್ದರೆ ಸಂಕಪ್ಪ ಮಾವ ನಾಚಿಕೊಳ್ಳುತ್ತಿದ್ದರೋ ಏನೋ. ಆ ದಿನ ಬುಟ್ಟಿ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಮಲಗಿದ್ದಾಳೆ. ಅವಳಿಗೆ ಅರೆತಲೆನೋವು. ಅದು ಸೋಮಾರಿತನ ಅಲ್ಲ, ನಾಟಕ ಅಲ್ಲ, ರೋಗ. ಹೊತ್ತಿಗೆ ಸರಿಯಾಗಿ ಮಲಗಿದ್ರೆ ಸಂಜೆಗೆ ಎದ್ದು ಓಡಾಡ್ತಾಳೆ. ನಿಮ್ಮಲ್ಲಿ ಯಾರಿಗೆ ಉಂಟು ಈ ನೋವು, ಹೇಳಿ?"

ಮೊದಲು ಒಂದು ಕೈ ಮೇಲೆದ್ದಿತು. ಮತ್ತೊಂದು. ಆಮೇಲೆ ಗೇಟಿನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳದ್ದೂ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೈಯೂ ಮೇಲೆದ್ದಿದೆಯೇ? ಹಾಗಿದ್ದರೆ ಬರೆ ಬೇಡ, ಕಂಡಕಂಡ ಪುಡಿ ಬೇಡ. ಒಮ್ಮೆ ಡಾಕ್ಟರಿಗೆ ತೋರಿಸಿ. ಹೊತ್ತಿಗೆ ಉಣ್ಣಿ, ನೀರು ಕುಡಿಯಿರಿ, ನಿದ್ದೆ ಕೆಡಿಸಿಕೊಳ್ಳಬೇಡಿ. ನೋವು ಬಂದ ದಿನವನ್ನು ಪುಸ್ತಕದಲ್ಲೋ ಗೋಡೆಯಲ್ಲೋ ನೂಲಿನಲ್ಲೋ ಗುರುತು ಮಾಡಿ. ಹಿಂದೆಂದೂ ಇಲ್ಲದಂಥ ನೋವು ಸಿಡಿಲಿನಂತೆ ಒಮ್ಮೆಲೇ ಬಂದರೆ, ಜ್ವರದೊಂದಿಗೆ ಕತ್ತು ಸೆಟೆದುಕೊಂಡರೆ, ಕೈಕಾಲು ಸೋತರೆ, ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಶುರುವಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಈ ನೋವಿಲ್ಲದವರಿಗೆ ಒಂದು ಮಾತು. ಮನೆಯಲ್ಲಿ ಯಾರಾದರೂ ಹಣೆ ಹಿಡಿದು ಕೂತರೆ ಕಿಟಕಿ ಮುಚ್ಚಿ, ದನಿ ತಗ್ಗಿಸಿ, ಅವರ ಬುಟ್ಟಿಯನ್ನು ಆ ಒಂದು ದಿನ ನೀವು ಹೊತ್ತುಕೊಳ್ಳಿ.