ಕಪಾಟಿನೊಳಗಿನ ಜೇನುಹುಳ

ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವುದು ಸುತ್ತಲಿನ ಎಲ್ಲ ಊರುಗಳಲ್ಲೂ ಇದ್ದದ್ದೇ. ಆದರೆ ಕೊನೆಯ ಮಂಗಳವಾರ ಗುಳ್ಳವ್ವನ ಸುತ್ತ ಜೇನುಹುಳಗಳನ್ನು ಕೂರಿಸುತ್ತಿದ್ದದ್ದು ಡೋಣಿಯ ಶಾರದವ್ವನ ಮನೆಯಲ್ಲಿ ಮಾತ್ರ. ಎರೆಮಣ್ಣಿನ ಮೈ, ಗುಲಗಂಜಿಯ ಕಣ್ಣು, ಬೆಳ್ಳುಳ್ಳಿ ಸಿಪ್ಪೆಯ ರೆಕ್ಕೆ. ಅವನ್ನು ಹಳ್ಳದ ನೀರಿಗೆ ಬಿಟ್ಟರೆ ಕುಸುಬಿ ಹೂವಿಗೆ ಜೇನು ತಪ್ಪದೆ ಬರುತ್ತವೆ ಎಂದು ಅತ್ತೆ ಹೇಳಿಕೊಟ್ಟಿದ್ದಳು.

ರಾಜ್ಯ ಒಂದಾದ ಮರುವರ್ಷ ಗದಗಿನ ಮಾರ್ತಾಂಡ ಮಾಸ್ತರರು ಯಾರೂ ಅರಿಯದ ಹಬ್ಬಗಳನ್ನು ಹುಡುಕುತ್ತ ಅವಳ ಮನೆಗೆ ಬಂದರು. ನವೆಂಬರಿನ ಪ್ರದರ್ಶನದಲ್ಲಿಡಲು ಒಂದು ಹುಳ ಕೇಳಿದರು.

“ಒಯ್ರಿ. ಪ್ರದರ್ಶನ ಮುಗದ ಮ್ಯಾಲ ನೀರಿಗೆ ಬಿಡ್ರಿ, ಮರೀಬ್ಯಾಡ್ರಿ,” ಎಂದಳು ಶಾರದವ್ವ.

ಪುಷ್ಯಮಾಸದಲ್ಲಿ ಕುಸುಬಿ ಹೊಲವೆಲ್ಲ ಹಳದಿಯಾಯಿತು. ಒಂದು ಜೇನೂ ಸುಳಿಯಲಿಲ್ಲ. ನಾಲ್ಕು ದಿನ ಬದುವಿನ ಮೇಲೆ ಕೂತು ಕಾದ ಶಾರದವ್ವ ಐದನೆಯ ದಿನ ಗದಗಿನ ಬಸ್ಸು ಹತ್ತಿದಳು.

ಅವಳ ಹುಳ ಮಾಸ್ತರರ ಮನೆಯ ಗಾಜಿನ ಕಪಾಟಿನಲ್ಲಿತ್ತು. ಪಕ್ಕದಲ್ಲಿ ಹಬ್ಬದ ಹೆಸರು ಬರೆದ ಚೀಟಿ.

“ರೆಕ್ಕಿ ಸುದ್ದಾ ಮುಕ್ಕಾಗಿಲ್ಲ, ನೋಡ್ರಿ,” ಎಂದು ಮಾಸ್ತರರು ಹುಳವನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. “ಬಿಸಲಾಗ ಬಂದೀರಿ. ಕುಂಡ್ರಿ, ನೀರು ಕುಡೀರಿ.”

ಶಾರದವ್ವ ಕೂತಳು. ಅವರು ಕೊಟ್ಟ ತಂಬಿಗೆಯ ನೀರಿಗೆ ಹುಳವನ್ನು ಬಿಟ್ಟಳು. ಮಾಸ್ತರರು ಕೈ ಚಾಚುವಷ್ಟರಲ್ಲಿ ರೆಕ್ಕೆ ಕಳಚಿ ಮೇಲೆ ತೇಲಿತು. ಮಣ್ಣು ಪೂರಾ ಕರಗುವ ತನಕ ನೋಡುತ್ತ ಕೂತಿದ್ದು ಆಮೇಲೆ ಎದ್ದಳು.

“ಚೀಟಿ ನೀವ ಇಟ್ಕೋರಿ, ಮಾಸ್ತರ. ಹುಳಕ್ಕ ಹೊಲದಾಗ ಕೆಲಸ ಐತಿ.”